ಉತ್ತರ ಹೇಳುವ ಅವಕಾಶ

ಉತ್ತರ ಪ್ರದೇಶದ ವೈದ್ಯ ಡಾ. ಕಫೀಲ್ ಖಾನ್ ಅವರನ್ನು ರಾಷ್ಟ್ರೀಯ ಭದ್ರತಾ ಕಾಯ್ದೆಯಡಿ ಬಂಧನದಲ್ಲಿ ಇರಿಸಿದಾಗ, ಬಂಧನಕ್ಕೆ ಆಧಾರವೆಂದು ಅವರ ಕೈಗೆ ಒಂದು ಸಿ.ಡಿ.ಯನ್ನು ಕೊಡಲಾಗಿತ್ತು. ಅದರಲ್ಲಿ ಇದ್ದದ್ದು 2019ರ ಡಿಸೆಂಬರ್ 12ರಂದು ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಅವರೇ ಮಾಡಿದ ಭಾಷಣ. ಆದರೆ ಅದನ್ನು ಹಾಕಿ ಕೇಳುವುದಕ್ಕೆ ಬೇಕಾದ ಯಂತ್ರವನ್ನು ಯಾರೂ ಕೊಟ್ಟಿರಲಿಲ್ಲ. ಜೈಲಿನ ಕೋಣೆಯಲ್ಲಿ ಕುಳಿತ ಮನುಷ್ಯ ಆ ತಟ್ಟೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಬಹುದಿತ್ತೇ ಹೊರತು, ತನ್ನ ಯಾವ ಮಾತಿನಿಂದ ದೇಶಕ್ಕೆ ಅಪಾಯ ಬಂತು ಎಂಬುದನ್ನು ತಿಳಿದು ಅದಕ್ಕೆ ಉತ್ತರ ಬರೆಯುವಂತಿರಲಿಲ್ಲ.

ಆ ಭಾಷಣದ ಮೇಲೆ ಹೂಡಿದ ಮೊಕದ್ದಮೆಯಲ್ಲಿ ಅವರಿಗೆ 2020ರ ಫೆಬ್ರುವರಿ 10ರಂದೇ ಜಾಮೀನು ದೊರೆತಿತ್ತು. ಬಿಡುಗಡೆಯಾಗುವ ಮೊದಲೇ, 13ರಂದು, ಜಿಲ್ಲಾಧಿಕಾರಿಯ ಬಂಧನಾದೇಶ ಹೊರಬಿತ್ತು. ಸೆಪ್ಟೆಂಬರ್ 1ರಂದು ಅಲಹಾಬಾದ್ ಹೈಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ಭಾಷಣವನ್ನು ಪೂರ್ತಿ ಓದಿದರೆ ಅದು ರಾಷ್ಟ್ರದ ಏಕತೆಗೆ ಕರೆ ಕೊಡುತ್ತದೆ, ಅಧಿಕಾರಿ ಅದನ್ನು ಅಲ್ಲಲ್ಲಿ ಆಯ್ದು ಓದಿದ್ದಾರೆ ಎಂದಿತು, ಕೇಳಲಾಗದ ಸಿ.ಡಿ. ಕೊಟ್ಟದ್ದು ಅಹವಾಲು ಸಲ್ಲಿಸುವ ಹಕ್ಕನ್ನೇ ನಿರಾಕರಿಸಿದಂತೆ ಎಂದೂ ಹೇಳಿತು. ಇಷ್ಟು ಸರಳವಾದ ಮಾತನ್ನು ಒಬ್ಬ ನ್ಯಾಯಾಧೀಶರ ಬಾಯಿಂದ ಕೇಳುವುದಕ್ಕೆ ಅವರು ಏಳು ತಿಂಗಳು ಒಳಗಿರಬೇಕಾಯಿತು.

ಈ ಪ್ರಕರಣವನ್ನು ಎತ್ತಿಕೊಂಡದ್ದು ಆ ವೈದ್ಯರ ರಾಜಕೀಯವನ್ನು ಸಮರ್ಥಿಸುವುದಕ್ಕಲ್ಲ. ‘ದೇಶದ ಭದ್ರತೆ’ ಎಂಬ ಪದ ಬಂದ ಕೂಡಲೇ ನಮ್ಮಲ್ಲಿ ಚರ್ಚೆ ಬಂಧಿತನ ಜಾತಿ, ಧರ್ಮ, ಪಕ್ಷಗಳ ಕಡೆಗೆ ಹೊರಳಿಬಿಡುತ್ತದೆ. ನಾನು ಕೇಳುತ್ತಿರುವುದು ಅದಕ್ಕಿಂತ ಹಿಂದಿನ ಪ್ರಶ್ನೆಯನ್ನು: ಒಬ್ಬನನ್ನು ಒಳಗೆ ಹಾಕುವಾಗ, ಅವನ ಮೇಲಿನ ಮಾತು ನಿಜವೇ ಎಂದು ಪರೀಕ್ಷಿಸುವವರು ಯಾರು?

ಸಾಮಾನ್ಯ ಅಪರಾಧದಲ್ಲಿ ಇದಕ್ಕೆ ಉತ್ತರವಿದೆ. 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು, ವಕೀಲರಿರುತ್ತಾರೆ, ಚಾರ್ಜ್‌ಶೀಟ್ ಬರುತ್ತದೆ, ಸಾಕ್ಷಿಗಳನ್ನು ಪಾಟೀಸವಾಲಿಗೆ ಒಳಪಡಿಸಬಹುದು. ಸಂವಿಧಾನದ 22ನೇ ವಿಧಿಯ ಮೊದಲ ಎರಡು ಖಂಡಗಳು ಹೀಗೆ ರಕ್ಷಣೆ ಕೊಟ್ಟು, ಮೂರನೆಯ ಖಂಡ ಮುನ್ನೆಚ್ಚರಿಕೆ ಬಂಧನಕ್ಕೆ ಒಳಗಾದವರಿಗೆ ಅವು ಅನ್ವಯಿಸುವುದಿಲ್ಲ ಎನ್ನುತ್ತದೆ. ಇಲ್ಲಿ ಬಂಧಿಸುವುದು ಮಾಡಿದ್ದಕ್ಕಲ್ಲ, ಮುಂದೆ ಮಾಡಬಹುದು ಎಂಬುದಕ್ಕೆ. ಹಾಗಾಗಿ ‘ಇವನು ತಪ್ಪು ಮಾಡಿದನೇ?’ ಎಂಬ ಪ್ರಶ್ನೆಯೇ ಇಲ್ಲವಾಗಿ, ಆ ಜಾಗದಲ್ಲಿ ‘ಅಧಿಕಾರಿಗೆ ಮನವರಿಕೆಯಾಗಿದೆಯೇ?’ ಎಂಬುದು ಬಂದು ಕೂರುತ್ತದೆ. ಆಧಾರಗಳನ್ನು ತಿಳಿಸಬೇಕು, ಅಹವಾಲಿಗೆ ಅವಕಾಶ ಕೊಡಬೇಕು ಎಂದು ಐದನೆಯ ಖಂಡ ಹೇಳಿದರೆ, ಸಾರ್ವಜನಿಕ ಹಿತಕ್ಕೆ ವಿರುದ್ಧವೆನಿಸಿದ ಸಂಗತಿಗಳನ್ನು ತಿಳಿಸಬೇಕಿಲ್ಲ ಎಂದು ಆರನೆಯದು ಹೇಳುತ್ತದೆ.

1980ರ ರಾಷ್ಟ್ರೀಯ ಭದ್ರತಾ ಕಾಯ್ದೆಯಡಿ ಹೀಗೆ 12 ತಿಂಗಳವರೆಗೆ ಇಡಬಹುದು. ಆಧಾರಗಳನ್ನು ಸಾಮಾನ್ಯವಾಗಿ 5 ದಿನಗಳೊಳಗೆ ಕೊಡಬೇಕು, 3 ವಾರಗಳೊಳಗೆ ವಿಷಯ, ಬಂಧನಕ್ಕೆ ಸಾಕಷ್ಟು ಕಾರಣವಿದೆಯೇ ಎಂದು ನೋಡುವ ಸಲಹಾ ಮಂಡಳಿಯ ಮುಂದೆ ಹೋಗಬೇಕು, ಬಂಧನದ ದಿನದಿಂದ 7 ವಾರಗಳೊಳಗೆ ಮಂಡಳಿ ವರದಿ ಕೊಡಬೇಕು. ಆ ಮಂಡಳಿಯ ಮುಂದೆ ವಕೀಲರನ್ನು ಇಟ್ಟುಕೊಳ್ಳುವ ಹಕ್ಕು ಬಂಧಿತನಿಗಿಲ್ಲ. ಅಭಿಪ್ರಾಯದ ಭಾಗವೊಂದನ್ನು ಬಿಟ್ಟರೆ ಅದರ ಕಲಾಪವೂ ವರದಿಯೂ ಗುಟ್ಟು. ಕಾನೂನು ಓದಿದವರೇ ತಡವರಿಸುವ ಜಾಗದಲ್ಲಿ, ವಾರಗಟ್ಟಲೆ ಜೈಲಿನಲ್ಲಿ ನಿದ್ದೆಗೆಟ್ಟ ಮನುಷ್ಯ ತನ್ನ ಪರವಾಗಿ ತಾನೇ ವಾದಿಸಬೇಕು. (ನಮ್ಮ ರಾಜ್ಯದ 1985ರ ‘ಗೂಂಡಾ ಕಾಯ್ದೆ’ಯದೂ ಹೆಚ್ಚು ಕಡಿಮೆ ಇದೇ ಅಚ್ಚು.)

ಬೆಂಗಳೂರಿನವರಿಗೆ ಈ ಕಥೆ ದೂರದ್ದಲ್ಲ. ಫ್ರೀಡಂ ಪಾರ್ಕ್ ಎಂದು ನಾವು ಇಂದು ಕರೆಯುವ ಜಾಗ ಹಳೆಯ ಸೆಂಟ್ರಲ್ ಜೈಲು. ಕಾವಲು ಗೋಪುರವನ್ನೂ ಕೆಲವು ಬ್ಯಾರಕ್‌ಗಳನ್ನೂ ಹಾಗೆಯೇ ಉಳಿಸಿಕೊಂಡಿದ್ದಾರೆ. ಊರಿನಲ್ಲಿ ಪ್ರತಿಭಟನೆ ನಡೆಸಬೇಕೆಂದರೆ ಈಗ ಅಲ್ಲಿಗೇ ಹೋಗಬೇಕು ಎಂಬುದು ಬೇರೆಯದೇ ಒಂದು ವ್ಯಂಗ್ಯ. ತುರ್ತು ಪರಿಸ್ಥಿತಿಯ ಆರಂಭದಲ್ಲೇ, 1975ರ ಜೂನ್ 26ರಂದು, ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ಅಟಲ ಬಿಹಾರಿ ವಾಜಪೇಯಿ, ಎಲ್.ಕೆ. ಅಡ್ವಾಣಿ, ಮಧು ದಂಡವತೆ, ಎಸ್.ಎನ್. ಮಿಶ್ರಾ ಅವರನ್ನು ಇಲ್ಲಿ ಬಂಧಿಸಲಾಯಿತು. ಎಚ್.ಡಿ. ದೇವೇಗೌಡರೂ ರಾಮಕೃಷ್ಣ ಹೆಗಡೆಯವರೂ ಇದೇ ಜೈಲು ಕಂಡವರು. ನಾಯಕರು ಕರ್ನಾಟಕ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಬಂಧನ ಕಾನೂನುಬದ್ಧವೇ ಎಂದು ಪರೀಕ್ಷಿಸಿ ಎಂಬ ಅರ್ಜಿ, ಸಲ್ಲಿಸಿದರು. ಅವರ ಪರ ಕೆಲಸ ಮಾಡಿದ ವಕೀಲ ಎಂ. ರಾಮಾ ಜೋಯಿಸ್ ಅವರನ್ನೂ, ಆ ಕಾಲದ ಮುನ್ನೆಚ್ಚರಿಕೆ ಬಂಧನ ಕಾಯ್ದೆಯಾದ ಮೀಸಾ ಅಡಿಯಲ್ಲಿ ಬಂಧಿಸಲಾಯಿತು. ಅರ್ಜಿ ವಿಚಾರಣೆಗೆ ಅರ್ಹ ಎಂದ ನ್ಯಾಯಮೂರ್ತಿ ಡಿ.ಎಂ. ಚಂದ್ರಶೇಖರ್ ಅವರನ್ನು ಅಲಹಾಬಾದಿಗೂ ನ್ಯಾಯಮೂರ್ತಿ ಎಂ. ಸದಾನಂದಸ್ವಾಮಿ ಅವರನ್ನು ಗುವಾಹಟಿಗೂ ವರ್ಗ ಮಾಡಲಾಯಿತು.

ಹೀಗೆ ಬಂಧಿತರ ಪರವಾಗಿ ನಿಂತ ಹೈಕೋರ್ಟುಗಳು ಒಂಬತ್ತು. 1976ರ ಏಪ್ರಿಲ್ 28ರಂದು, ಜಬಲ್ಪುರ ಪ್ರಕರಣ ಎಂದು ಹೆಸರಾದ ತೀರ್ಪಿನಲ್ಲಿ, ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ಆ ಬಾಗಿಲನ್ನು ಮುಚ್ಚಿದರು. ತುರ್ತು ಪರಿಸ್ಥಿತಿ ಇರುವತನಕ, ಬಂಧನ ಕಾನೂನಿಗೆ ವಿರುದ್ಧ ಎಂದು ಹೇಳಿಕೊಂಡು ಸಹ ಯಾರೂ ನ್ಯಾಯಾಲಯಕ್ಕೆ ಬರುವಂತಿಲ್ಲ ಎಂದಾಯಿತು. ಆ ನಾಲ್ವರಲ್ಲಿ ಒಬ್ಬರಾದ ನ್ಯಾಯಮೂರ್ತಿ ಎಂ.ಎಚ್. ಬೇಗ್ ಅವರು, ಸರ್ಕಾರ ಬಂಧಿತರಿಗೆ ಒಳ್ಳೆಯ ವಸತಿ, ಊಟ ಕೊಟ್ಟು ತೋರುತ್ತಿರುವ ಕಾಳಜಿ ಬಹುತೇಕ ತಾಯಿಯ ಕಾಳಜಿಯಂತಿದೆ ಎಂದು ಬರೆದರು.

ಆ ವಾಕ್ಯದ ಶಾಯಿ ಆರುವ ಮುನ್ನ ಬೆಂಗಳೂರಿನಲ್ಲಿ ನಡೆದದ್ದನ್ನು ನೋಡಿ. ಮೂರನೇ ದಿನ, ಮೇ 1ರಂದು, ತಲೆಮರೆಸಿಕೊಂಡಿದ್ದ ಜಾರ್ಜ್ ಫರ್ನಾಂಡಿಸ್ ಅವರ ತಮ್ಮ ಲಾರೆನ್ಸ್ ಅವರನ್ನು ಪೊಲೀಸರು ಹಿಡಿದೊಯ್ದು ಚಿತ್ರಹಿಂಸೆ ಕೊಟ್ಟರು. ಮಾರನೆಯ ದಿನ ರಂಗನಟಿ, ಚಿತ್ರನಟಿ ಸ್ನೇಹಲತಾ ರೆಡ್ಡಿ ಅವರ ಬಂಧನವಾಯಿತು. ಆಸ್ತಮಾ ಇದ್ದ ಆ ಹೆಣ್ಣುಮಗಳು ಸೆಂಟ್ರಲ್ ಜೈಲಿನಲ್ಲಿ ಎಂಟು ತಿಂಗಳು ಇದ್ದರು. ರಾತ್ರಿಯ ಮೌನದಲ್ಲಿ ಅವರ ಕೋಣೆಯಿಂದ ಬರುತ್ತಿದ್ದ ಚೀರಾಟ ತಮಗೆ ಕೇಳಿಸುತ್ತಿತ್ತು ಎಂದು ದಂಡವತೆಯವರು ಮುಂದೆ ಬರೆದುಕೊಂಡಿದ್ದಾರೆ. ಸ್ನೇಹಲತಾ ಅವರನ್ನು ಹಿಡಿದದ್ದು ಬರೋಡ ಡೈನಮೈಟ್ ಪ್ರಕರಣದ ಹೆಸರಿನಲ್ಲಿ, ಅಂದರೆ ಜಾರ್ಜ್ ಮತ್ತಿತರರ ಮೇಲೆ ಹೊರಿಸಿದ್ದ ಸ್ಫೋಟದ ಸಂಚಿನ ಮೊಕದ್ದಮೆಯಲ್ಲಿ. ಆ ಪ್ರಕರಣದ ಚಾರ್ಜ್‌ಶೀಟ್ ಬಂದಾಗ ಅದರಲ್ಲಿ ಅವರ ಹೆಸರೇ ಇರಲಿಲ್ಲ. ಹೆಸರಿಲ್ಲ ಎಂದ ಮೇಲೆ ಬಿಡಬೇಕಲ್ಲವೇ? ಬಿಡಲಿಲ್ಲ, ಏಕೆಂದರೆ ಮೀಸಾ ಬಂಧನಕ್ಕೆ ಚಾರ್ಜ್‌ಶೀಟ್ ಬೇಕಿರಲಿಲ್ಲ. ದೇಹ ಪೂರ್ತಿ ಸೋತ ಮೇಲೆ 1977ರ ಜನವರಿ 15ರಂದು ಪೆರೋಲ್ ಮೇಲೆ ಹೊರಬಂದರು, 20ರಂದು ತೀರಿಕೊಂಡರು. ಆರೋಪವೇ ಇಲ್ಲದ ಕಾರಣ ಅವರು ಖುಲಾಸೆಯಾಗುವುದಕ್ಕೂ ದಾರಿಯಿರಲಿಲ್ಲ. ಇದನ್ನು ಯೋಚಿಸುವಾಗೆಲ್ಲ ನನಗೆ ಆ ‘ತಾಯಿ’ ಎಂಬ ಪದ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಜಬಲ್ಪುರ ಪ್ರಕರಣದ ಪೀಠದಲ್ಲಿ ಐದನೆಯವರಾದ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ ಭಿನ್ನಮತ ಬರೆದರು. ಮರುವರ್ಷ ಮುಖ್ಯ ನ್ಯಾಯಮೂರ್ತಿ ಸ್ಥಾನ ಅವರನ್ನು ದಾಟಿ ಬೇಗ್ ಅವರಿಗೆ ಹೋಯಿತು. ಜಬಲ್ಪುರ ತೀರ್ಪನ್ನು ಸುಪ್ರೀಂ ಕೋರ್ಟ್ ಅಳಿಸಿಹಾಕಿದ್ದು 2017ರಲ್ಲಿ, ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಖಾಸಗಿತನದ ಮೊಕದ್ದಮೆಯಲ್ಲಿ.

ಇಷ್ಟು ಹೇಳಿದ ಕೂಡಲೇ ಬರುವ ಪ್ರಶ್ನೆ ನನಗೆ ಗೊತ್ತಿದೆ: ಬಾಂಬ್ ಇಡುವವನಿಗೂ ವಕೀಲರೇ? ಈ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. 2024ರ ಮಾರ್ಚ್ 1ರಂದು ರಾಮೇಶ್ವರಂ ಕೆಫೆಯಲ್ಲಿ ಸ್ಫೋಟವಾದಾಗ, ಮಧ್ಯಾಹ್ನದ ಹೊತ್ತು ದೋಸೆ ತಿನ್ನಲು ಹೋದವರು ಗಾಯಗೊಂಡ ಸುದ್ದಿ ಓದಿ ಮನೆಯವರಿಗೆಲ್ಲ ಫೋನ್ ಮಾಡಿದವರಲ್ಲಿ ನಾನೂ ಒಬ್ಬ. ಅಂಥ ಕೃತ್ಯ ಎಸಗಿದವರು ಹೊರಗಿರಬಾರದು. ಆದರೆ ಈ ದೇಶ ತಾನು ಕಂಡ ಅತಿ ಘೋರ ದಾಳಿಯೊಂದಕ್ಕೆ, 2008ರ ಮುಂಬೈ ದಾಳಿಗೆ, ಕೊಟ್ಟ ಉತ್ತರ ವಿಚಾರಣೆಯೇ ಆಗಿತ್ತು. ಬಂದೂಕು ಹಿಡಿದು ನಿಂತ ಅಜ್ಮಲ್ ಕಸಬ್‌ನ ಚಿತ್ರವನ್ನು ಲೋಕವೆಲ್ಲ ನೋಡಿತ್ತು. ಅವನಿಗೂ ವಕೀಲರನ್ನು ಕೊಡಲಾಯಿತು. ಸುಪ್ರೀಂ ಕೋರ್ಟಿನಲ್ಲಿ ಅವನ ಪರವಾಗಿ ಹಿರಿಯ ವಕೀಲ ರಾಜು ರಾಮಚಂದ್ರನ್ ಅವರನ್ನು ನೇಮಿಸಲಾಯಿತು. 2010ರ ಮೇ ತಿಂಗಳಲ್ಲಿ ಅವನು ತಪ್ಪಿತಸ್ಥನೆಂದು ತೀರ್ಮಾನವಾಯಿತು, 2012ರ ನವೆಂಬರ್ 21ರಂದು ಗಲ್ಲಿಗೇರಿಸಲಾಯಿತು. ನಾವು ಮರೆತದ್ದು ಇನ್ನೊಂದು ಸಂಗತಿ: ಅದೇ ಮೊಕದ್ದಮೆಯಲ್ಲಿ ಅವನ ಜೊತೆ ಕಟಕಟೆಯಲ್ಲಿ ನಿಂತಿದ್ದ ಇಬ್ಬರು ಭಾರತೀಯರನ್ನು, ಸಾಕ್ಷ್ಯ ಸಾಲದೆಂದು ನ್ಯಾಯಾಲಯ ಬಿಡುಗಡೆ ಮಾಡಿತು, ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ವಿಚಾರಣೆ ನಡೆದದ್ದರಿಂದಲೇ ಕಾಳು ಬೇರೆ, ಜೊಳ್ಳು ಬೇರೆ ಆಯಿತು. ಬರೀ ಬಂಧನಾದೇಶವಾಗಿದ್ದರೆ ಮೂವರ ಕಡತವೂ ಒಂದೇ ಕಟ್ಟಿನಲ್ಲಿ ಇರುತ್ತಿತ್ತು.

ಭಯೋತ್ಪಾದನೆಯ ಆರೋಪಗಳಿಗೆ ಬಳಸುವ ಕಾನೂನುಬಾಹಿರ ಚಟುವಟಿಕೆಗಳ (ತಡೆ) ಕಾಯ್ದೆ, ಅಂದರೆ ಯುಎಪಿಎ, ಪ್ರಕರಣಗಳಲ್ಲಿ ಹೆಸರಿಗೆ ವಿಚಾರಣೆ ಇದೆ. ಚಾರ್ಜ್‌ಶೀಟ್‌ಗೆ 180 ದಿನ ತೆಗೆದುಕೊಳ್ಳಬಹುದು. ಪೊಲೀಸರ ಕಾಗದಗಳನ್ನು ನೋಡಿ ಆರೋಪ ಮೇಲ್ನೋಟಕ್ಕೆ ನಿಜವೆನ್ನಿಸಿದರೆ ಜಾಮೀನು ಕೊಡುವಂತಿಲ್ಲ. ಜಾಮೀನಿನ ಹಂತದಲ್ಲಿ ಆ ಸಾಕ್ಷ್ಯವನ್ನು ಆಳವಾಗಿ ತೂಗಬಾರದು ಎಂದು 2019ರಲ್ಲಿ ವಟಾಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2021ರಲ್ಲಿ ನಜೀಬ್ ಪ್ರಕರಣ ಅದೇ ಕೋರ್ಟಿನ ಮುಂದೆ ಬಂದಾಗ, ಆರೋಪಿ ಐದು ವರ್ಷ ಒಳಗಿದ್ದರೂ ಇನ್ನೂ 276 ಸಾಕ್ಷಿಗಳ ವಿಚಾರಣೆ ಬಾಕಿ ಇತ್ತು. ಇಷ್ಟು ತಡವಾದಾಗ ಜಾಮೀನು ಕೊಡಬಹುದು ಎಂದು ಕೋರ್ಟ್ ಹೇಳಿದ್ದು ದೊಡ್ಡ ಸಮಾಧಾನ. ಅದೇ ವರ್ಷದ ಜುಲೈ 5ರಂದು, ಇದೇ ಕಾಯ್ದೆಯಡಿ ಬಂಧಿತರಾಗಿದ್ದ 84 ವರ್ಷದ ಪಾದ್ರಿ ಸ್ಟ್ಯಾನ್ ಸ್ವಾಮಿ ಜಾಮೀನು ಅರ್ಜಿ ಇತ್ಯರ್ಥವಾಗುವ ಮೊದಲೇ ಮುಂಬೈಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಪಾರ್ಕಿನ್ಸನ್ಸ್‌ನಿಂದ ಕೈ ನಡುಗುತ್ತಿದ್ದ ಅವರು ನೀರು ಕುಡಿಯಲು ಒಂದು ಸಿಪ್ಪರ್ ಲೋಟಕ್ಕಾಗಿ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕಾಗಿ ಬಂದಿತ್ತು.

ಮುನ್ನೆಚ್ಚರಿಕೆ ಬಂಧನ ಪೂರ್ತಿ ಹೋಗಲಿ ಎಂದು ನಾನು ಕೇಳುತ್ತಿಲ್ಲ. ಅದು ಹೋಗುವುದೂ ಇಲ್ಲ. 1979ರಲ್ಲಿ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಗೆ ಸೇರುವಾಗಲೇ ಭಾರತ, ಬಂಧನದ ಕುರಿತ ಅದರ 9ನೇ ವಿಧಿಯನ್ನು ನಮ್ಮ 22ನೇ ವಿಧಿಗೆ ಹೊಂದಿಸಿಯೇ ಅನ್ವಯಿಸುತ್ತೇವೆ ಎಂದು ಹೇಳಿಕೊಂಡಿತ್ತು. ನಾನು ಕೇಳುವುದು ಸಂಸತ್ತು ಈಗಾಗಲೇ ಒಪ್ಪಿದ್ದನ್ನು.

ತುರ್ತು ಪರಿಸ್ಥಿತಿ ಮುಗಿದ ಮೇಲೆ, 1978ರಲ್ಲಿ, ಸಂವಿಧಾನದ 44ನೇ ತಿದ್ದುಪಡಿ ಅಂಗೀಕಾರವಾಯಿತು. ಅದರ 3ನೇ ಸೆಕ್ಷನ್ ಪ್ರಕಾರ, ಸಲಹಾ ಮಂಡಳಿಯ ಅಭಿಪ್ರಾಯವಿಲ್ಲದೆ ಬಂಧನದಲ್ಲಿಡುವ ಗರಿಷ್ಠ ಅವಧಿ ಮೂರು ತಿಂಗಳಿನಿಂದ ಎರಡು ತಿಂಗಳಿಗೆ ಇಳಿಯಬೇಕು. ಮಂಡಳಿಯನ್ನು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳ ಶಿಫಾರಸಿನಂತೆ ರಚಿಸಬೇಕು. ಅಧ್ಯಕ್ಷರು ಹಾಲಿ ನ್ಯಾಯಮೂರ್ತಿಯೇ ಆಗಿರಬೇಕು. ಆದರೆ ಜಾರಿಯ ದಿನವನ್ನು ಅಧಿಸೂಚನೆಯ ಮೂಲಕ ಗೊತ್ತುಪಡಿಸುವ ಕೆಲಸವನ್ನು ಕೇಂದ್ರ ಸರ್ಕಾರಕ್ಕೆ ಬಿಡಲಾಗಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಹಾಗಾಯಿತು. ರಾಷ್ಟ್ರೀಯ ಭದ್ರತಾ ಕಾಯ್ದೆಗೆ ಮುನ್ನ ಬಂದ ಸುಗ್ರೀವಾಜ್ಞೆಯಡಿ ಬಂಧಿತರಾದ ಧನ್‌ಬಾದ್‌ನ ಸಂಸದ ಎ.ಕೆ. ರಾಯ್ ಇದನ್ನು ಪ್ರಶ್ನಿಸಿದಾಗ, ಅಧಿಸೂಚನೆ ಹೊರಡಿಸಿ ಎಂದು ಸರ್ಕಾರಕ್ಕೆ ಆಜ್ಞೆ ಮಾಡಲು ಸುಪ್ರೀಂ ಕೋರ್ಟ್ 1981ರ ಡಿಸೆಂಬರಿನಲ್ಲಿ ಒಪ್ಪಲಿಲ್ಲ. ತೀರ್ಪು ಬರೆದ ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್, ಜಬಲ್ಪುರ ಪ್ರಕರಣದ ಆ ನಾಲ್ವರಲ್ಲಿ ಒಬ್ಬರು.

ಆಮೇಲೆ ಬೆಂಗಳೂರು ಜೈಲಿನ ಅದೇ ಬಂಧಿತರು ಅಧಿಕಾರಕ್ಕೆ ಬಂದರು. ದಂಡವತೆಯವರು ಹಣಕಾಸು ಸಚಿವರಾದರು, ದೇವೇಗೌಡರು ಪ್ರಧಾನಿಯಾದರು, ವಾಜಪೇಯಿಯವರು ಪ್ರಧಾನಿಯೂ ಅಡ್ವಾಣಿಯವರು ಗೃಹ ಸಚಿವರೂ ಆದರು. 2002ರಲ್ಲಿ ಪೋಟಾ ಎಂಬ ಇನ್ನೊಂದು ಕಠಿಣ ಕಾಯ್ದೆಯನ್ನು ತಂದದ್ದೂ ಆ ಕೊನೆಯ ಇಬ್ಬರು ಇದ್ದ ಸರ್ಕಾರವೇ. ಗೆಜೆಟ್‌ನಲ್ಲಿ ಒಂದು ಪುಟ ಸಾಕಿತ್ತು. ಅವರಲ್ಲಿ ಯಾರ ಕಾಲದಲ್ಲೂ ಆ ಅಧಿಸೂಚನೆ ಹೊರಡಲಿಲ್ಲ, ಅವರ ನಂತರ ಬಂದವರ ಕಾಲದಲ್ಲೂ ಹೊರಟಿಲ್ಲ.