ತುಂಗೆ ದಡದ ಹಾದಿಗೆ ಇ-ಸ್ಕೂಟರ್ ಬಿಡಬಹುದೇ?

ಪರ: ಗಾಡಿ ಯಾವುದು ಅನ್ನಬೇಡಿ, ವೇಗ ಎಷ್ಟು ಅಂತ ಕೇಳಿ

ಮಂಡಿ ನೋವು ಶುರುವಾದ ಮೇಲೆ ಸೈಕಲ್ ಬಿಟ್ಟು, ಲೈಸೆನ್ಸ್ ಬೇಡದ ಇ-ಸ್ಕೂಟರ್ ತಗೊಂಡೆ. ಮೋಟಾರು 250 ವ್ಯಾಟ್‌ ಒಳಗೆ, ವೇಗ ಗಂಟೆಗೆ 25 ಕಿ.ಮೀ. ಒಳಗೆ, ತೂಕ ಬ್ಯಾಟರಿ ಬಿಟ್ಟು 60 ಕೆ.ಜಿ. ಒಳಗೆ ಇದ್ದರೆ ಕಾನೂನಿನ ಪ್ರಕಾರ ಅದು ಮೋಟಾರು ವಾಹನವೇ ಅಲ್ಲ. ಸೈಕಲ್ಲಿನ ತಂಗಿ ಅಂದುಕೊಳ್ಳಿ.

ಈ ತಂಗಿಯನ್ನು ಬಿ.ಎಚ್. ರಸ್ತೆಗೆ ಇಳಿಸಿ ನೋಡಿ. ಹಿಂದಿನ ಬಸ್ಸಿನವನು ಹಾರ್ನ್ ಮೇಲಿಟ್ಟ ಕೈ ತೆಗೆಯೋದಿಲ್ಲ. ಪಕ್ಕಕ್ಕೆ ಸರಿದರೆ ಅರ್ಧ ಎದ್ದು ನಿಂತ ಚರಂಡಿ ಚಪ್ಪಡಿ. ಹೋದ ಮಳೆಗಾಲದಲ್ಲಿ ಹಾಗೆ ಸರಿದೇ ಬಿದ್ದೆ. ಮೊಣಕೈ ತರಚಿತು, ಡಬ್ಬಿಯ ಸಾರೆಲ್ಲ ಚೆಲ್ಲಿತು, ಬಸ್ಸು ನಿಲ್ಲಲಿಲ್ಲ.

ಹೊಳೆ ದಡದ ಹಾದಿಯಲ್ಲಿ ಸೈಕಲ್ ಬಿಡುತ್ತಾರಲ್ಲ? ಹುರುಪಿನ ಹುಡುಗರು ತುಳಿದೇ 25 ದಾಟಿಸುತ್ತಾರೆ. ಅವರಿಗೂ ನನಗೂ ಒಟ್ಟಿಗೇ 12 ಕಿ.ಮೀ. ಮಿತಿ ಹಾಕಿ. ಬೆಳಿಗ್ಗೆ ವಾಕಿಂಗ್ ಹೊತ್ತಿನಲ್ಲಿ ನಾನು ಆ ಕಡೆ ಬರೋದೇ ಇಲ್ಲ.

ವಿರೋಧ: ಕೊಡೆ ಹಿಡಿದವರಿಗೆ ಹಿಂದಿನ ಗಾಡಿ ಕೇಳಿಸೋದಿಲ್ಲ

ಅವರನ್ನು ಬೀಳಿಸಿದ್ದು ಬಸ್ಸು. ದಂಡ ಮಾತ್ರ ನಡೆಯುವವರು ಕಟ್ಟಬೇಕೆ?

ಜುಲೈ ತಿಂಗಳ ಒಂದು ಸಂಜೆ, ಜಿಟಿಜಿಟಿ ಮಳೆ. ಅಮ್ಮ ನನ್ನ ಎಡಗೈ ಹಿಡಿದಿದ್ದರು. ಕೊಡೆ ಮೇಲೆ ಹನಿಗಳ ಪಟಪಟ, ಪಕ್ಕದಲ್ಲಿ ತುಂಬಿದ ಹೊಳೆಯ ಮೊರೆತ. ಹಿಂದಿನಿಂದ ಸ್ಕೂಟರ್ ಬಂದದ್ದು ಗೊತ್ತಾಗಿದ್ದು ಅದರ ಕನ್ನಡಿ ತಗುಲಿ ಕೊಡೆ ಗಿರ್ರನೆ ತಿರುಗಿದಾಗಲೇ. ಅಮ್ಮ ಬೀಳಲಿಲ್ಲ. ಆದರೆ ಅವತ್ತಿನಿಂದ ಹೊಳೆ ಕಡೆ ಹೋಗೋಣ ಅಂದರೆ, "ಬೇಡ ಮಾರಾಯ, ಅಂಗಳದಲ್ಲೇ ಓಡಾಡ್ತೀನಿ" ಅಂತಾರೆ.

ಯುರೋಪಿನಲ್ಲಿ ಹೊಸ ಮಾದರಿಯ ವಿದ್ಯುತ್ ಕಾರುಗಳು ನಿಧಾನಕ್ಕೆ ಹೋಗುವಾಗ ಕೃತಕ ಸದ್ದು ಮಾಡಲೇಬೇಕೆಂದು 2019ರಲ್ಲೇ ನಿಯಮ ಬಂತು. ಅದು ರಸ್ತೆಯ ಮಾತು. ಇಲ್ಲಿ ಗಾಡಿ ನಮ್ಮ ಬೆನ್ನಿಗೇ ಬರುತ್ತೆ.

25 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ ಸುಮಾರು 7 ಮೀಟರ್. ಕೊಡೆ ಕಂಡು ಬ್ರೇಕಿಗೆ ಕೈ ಹೋಗುವಷ್ಟರಲ್ಲೇ ಆ 7 ಮೀಟರ್ ಮುಗಿದಿರುತ್ತೆ. ಆಮೇಲೆ ಪಾಚಿ ಕಟ್ಟಿದ ನೆಲದ ಮೇಲೆ ಚಿಕ್ಕ ಚಕ್ರ ಜಾರುವ ದೂರ ಬೇರೆ. ವೇಗ ಇಮ್ಮಡಿಯಾದರೆ ಡಿಕ್ಕಿಯ ಶಕ್ತಿ ನಾಲ್ಕು ಪಟ್ಟು. ಸರಿ, 12ಕ್ಕೇ ನಿಂತರು ಅನ್ನಿ. ಸೈಕಲ್ ತೂಗೋದು ಹದಿನೈದಿಪ್ಪತ್ತು ಕೆ.ಜಿ., ಈ ತಂಗಿ ಬ್ಯಾಟರಿ ಸೇರಿದರೆ ಅದರ ಎಷ್ಟೋ ಪಟ್ಟು.

ಇನ್ನು ಆ ಮಿತಿಯನ್ನು ನೋಡೋರು ಯಾರು? ಫುಟ್‌ಪಾತ್, ಸೈಕಲ್ ಹಾದಿಗೆ ಮೋಟಾರು ವಾಹನ ಹತ್ತಿಸಬಾರದು ಅಂತ ನಿಯಮ ಇದೆ. ಇದು ಮೋಟಾರು ವಾಹನವೇ ಅಲ್ಲ ಎಂದಮೇಲೆ ಆ ನಿಯಮ ಮುಟ್ಟೋದಿಲ್ಲ, ನಂಬರ್ ಪ್ಲೇಟೂ ಇಲ್ಲ. ವೇಗದ ಲಾಕ್ ಬಿಚ್ಚಿಸಿಕೊಂಡವನನ್ನು ಹುಡುಕೋದಾದರೂ ಹೇಗೆ? ಲೈಸೆನ್ಸ್ ಕೇಳಿದರೆ ಸೈಕಲ್ಲು, ಕೀ ತಿರುಗಿಸಿದರೆ ಸ್ಕೂಟರು.

ಮಂಡಿ ನೋವಿನ ಮಾತು ಮಾತ್ರ ತಳ್ಳಿಹಾಕಲಾರೆ. ಗಾಲಿಕುರ್ಚಿ ಬರಲಿ, ಅದು ನಡಿಗೆಯ ವೇಗದಲ್ಲೇ ಹೋಗುತ್ತೆ. ಸ್ಕೂಟರಿಗೆ ಬಿ.ಎಚ್. ರಸ್ತೆಯ ಒಂದು ಬದಿಗೆ ಗೀಟೆಳೆದು ಜಾಗ ಕೇಳೋಣ, ಚಪ್ಪಡಿಯನ್ನೂ ಸರಿ ಮಾಡಿಸೋಣ. ಅರ್ಜಿ ಅವರೇ ಬರೆಯಲಿ, ಎರಡನೇ ಸಹಿ ನನ್ನದು.