ಒಂದು ಗೇಣು ಪಕ್ಕಕ್ಕೆ

ಮುಂಬೈ ಗೋರೆಗಾಂವ್‌ನ ನಮ್ಮ ಹೌಸಿಂಗ್ ಸೊಸೈಟಿಯ ಮೆಟ್ಟಿಲ ಗೋಡೆಯಲ್ಲಿ ಈಗ 11 ದೇವರ ಟೈಲ್‌ಗಳಿವೆ. ಸಿದ್ಧಿವಿನಾಯಕ, ಶಿರಡಿ ಬಾಬಾ, ಶಿಲುಬೆ, ಮೆಕ್ಕಾ, ಗುರು ನಾನಕ್. ಎಲ್ಲ ಒಂದೇ ಅಳತೆ, ಒಂದೇ ಸಾಲು. ಇಷ್ಟು ಸರ್ವಧರ್ಮ ಸಮನ್ವಯ ನಾನು ಬೇರೆಲ್ಲೂ ಕಂಡಿಲ್ಲ. ಎಲ್ಲರಿಗೂ ಕೊಟ್ಟಿರೋ ಡ್ಯೂಟಿಯೂ ಒಂದೇ: ಯಾರೂ ಗುಟ್ಕಾ ಉಗಿಯದಂತೆ ನೋಡಿಕೊಳ್ಳೋದು.

ಗುಟ್ಕಾ ಮಹಾರಾಷ್ಟ್ರದಲ್ಲಿ 2012ರಲ್ಲೇ ನಿಷೇಧ ಆಯ್ತು. ಸುದ್ದಿ ನಮ್ಮ ಮೆಟ್ಟಿಲತನಕ ಬಂದಿಲ್ಲ. ಪಾಲಿಕೆಯ ದಂಡಕ್ಕೆ ಹೆದರದವರೂ ಟೈಲ್‌ಗೆ ಹೆದರುತ್ತಾರೆ ಅನ್ನೋದು ಸೆಕ್ರೆಟರಿಯವರ ಸಿದ್ಧಾಂತ. "ದೇವರ ಭಯ ಇಲ್ಲದಿದ್ರೆ ಮನುಷ್ಯ ನೆಟ್ಟಗಿರ್ತಾನಾ?"

ಸಿದ್ಧಾಂತ ಫಲಿಸಿದ್ದನ್ನು ಮೊನ್ನೆ ಕಣ್ಣಾರೆ ಕಂಡೆ. ಒಬ್ಬ ಬಂದ. ಹಣೆಗೆ ಕುಂಕುಮ, ಕೈಗೆ ಕೆಂಪು ದಾರ. ಬಾಬಾ ಎದುರು ನಿಂತು ಚಪ್ಪಲಿ ಬಿಟ್ಟ. ಕಣ್ಣು ಮುಚ್ಚಿ ಕೈ ಮುಗಿದ. ಬಾಯಿ ತುಂಬಿದ್ದರಿಂದ ಪ್ರಾರ್ಥನೆ ಹೊರಗೆ ಬರಲಿಲ್ಲ. ಆಮೇಲೆ ಒಂದು ಗೇಣು ಬಲಕ್ಕೆ ಸರಿದು, ಪಿಚಕ್! ಟೈಲ್ ಮೇಲೆ ಒಂದು ಹನಿ ಬೀಳಲಿಲ್ಲ. ಎಂಥ ಗುರಿ!

ಒಳ್ಳೇದನ್ನು ದೇವರು ಮೆಚ್ಚೋದು ಅದು ಒಳ್ಳೇದು ಅಂತಲೋ, ದೇವರು ಮೆಚ್ಚಿದ್ದಕ್ಕೆ ಅದು ಒಳ್ಳೇದಾಯ್ತೋ ಅಂತ ಸಾಕ್ರೆಟಿಸ್ ಕೇಳಿ 2,400 ವರ್ಷ ಆಯ್ತಂತೆ. ಪಾಪ, ಅಥೆನ್ಸ್‌ನಲ್ಲಿ ಟೈಲ್ ಹಾಕೋರು ಸಿಗಲಿಲ್ಲವೇನೋ. ಕಳೆದ ಮಳೆಗಾಲದಲ್ಲಿ ನಮ್ಮಲ್ಲಿ ಒಂದು ಟೈಲ್ ಕಳಚಿ ಬಿತ್ತು. ಸಂಜೆಯೊಳಗೆ ಆ ಚೌಕ ಕೆಂಪಾಗಿತ್ತು.

ಸೊಸೈಟಿಗೆ ನಿಜವಾದ ಚಿಂತೆ ಮಾತ್ರ ಮೂರನೇ ಮಹಡಿಯ ರಾಯರದ್ದು. ಹುಬ್ಬಳ್ಳಿ ಕಡೆಯವರು, ರಿಟೈರ್ಡು. ದೇವರಿಲ್ಲ ಅಂತಾರೆ. ಬಸ್ ಟಿಕೆಟ್ಟನ್ನೂ ಜೇಬಲ್ಲಿಟ್ಟುಕೊಂಡು ಕಸದ ಡಬ್ಬಿ ಹುಡುಕೋ ಆಸಾಮಿ. ಆದ್ರೆ ಇವತ್ತು ಉಗಿದಿಲ್ಲ ಅಂದ್ರೆ ನಾಳೆ ಉಗಿಯಲ್ಲ ಅಂತ ಏನು ಗ್ಯಾರಂಟಿ? ತಡೆಯೋಕೆ ಮೇಲೆ ಯಾರೂ ಇಲ್ವಲ್ಲ! ಮೀಟಿಂಗ್‌ನಲ್ಲಿ ಅರ್ಧ ಗಂಟೆ ಇದೇ ಚರ್ಚೆ.

ಕೊನೆಗೆ ಯಾರೋ ಹುಡುಗ ಎದ್ದು, ಮೂರನೇ ಮಹಡಿಯಲ್ಲಿ ಟೈಲೇ ಇಲ್ಲ, ಆದರೂ ಗೋಡೆ ಬೆಳ್ಳಗಿದೆ ಅಂದ. ಎಲ್ಲರೂ ಹೋಗಿ ನೋಡಿದೆವು. ಹೌದು. ರಾಯರು ಬಾಗಿಲು ತೆರೆದು, ಕುರ್ಚಿ ಹಾಕಿಕೊಂಡು ದಿನವಿಡೀ ಪೇಪರ್ ಓದ್ತಾರೆ. ಬಾಯಿ ತುಂಬಿಕೊಂಡು ಹತ್ತಿದವರನ್ನು ಕನ್ನಡಕದ ಮೇಲಿಂದ ನೋಡ್ತಾರೆ. ಅಷ್ಟೇ.

ಸೆಕ್ರೆಟರಿಗೆ ತಕ್ಷಣ ಹೊಳೆಯಿತು. "ರಾಯರೇ, ನಿಮ್ಮದೊಂದು ಫೋಟೋ ಕೊಡಿ. ಎಲ್ಲಾ ಮಹಡಿಗೂ ಟೈಲ್ ಮಾಡಿಸ್ತೀವಿ."

ರಾಯರು ಪೇಪರ್ ಮಡಚಿದರು.

"ಬ್ಯಾಡ್ರೀ ಮಾರಾಯ್ರ. ನಾಳಿಂದ ನನಗೂ ಊದಿನಕಡ್ಡಿ ಹಚ್ಚಿ, ಬಾಜೂಕ ಉಗುಳತಾರ."