ಅಟ್ಟದ ಮೇಲಿನ ತಟ್ಟೆಗಳನ್ನು ಗುಜರಿಗೆ ಹಾಕಬೇಡಿ

ಹಳೇ ಗ್ರಾಮಫೋನ್ ತಟ್ಟೆಗಳಿಗೆ ಬಣ್ಣ ಬಳಿದು, ನಡುವಿನ ತೂತಿಗೆ ಗಡಿಯಾರದ ಮುಳ್ಳು ಕೂರಿಸಿ ಮಾರುತ್ತಿದ್ದುದನ್ನು ಮೊನ್ನೆ ನಮ್ಮ ಮೈಸೂರಿನಲ್ಲೇ ನೋಡಿದೆ. ಬಂದವರೆಲ್ಲ ‘ಎಷ್ಟು ಚೆನ್ನಾಗಿದೆ’ ಅಂತ ಕೈಗೆತ್ತಿಕೊಂಡು ನೋಡುತ್ತಿದ್ದರು. ನನಗೆ ಕರುಳು ಚುರ್ ಅಂದಿತು. ಆ ಬಣ್ಣದ ಕೆಳಗೆ ಯಾರೋ ಹಾಡಿದ್ದಾರೆ, ಪಕ್ಕದಲ್ಲಿ ಕೂತು ಯಾರೋ ಪಿಟೀಲು ನುಡಿಸಿದ್ದಾರೆ, ಮೃದಂಗ ಬಾರಿಸಿದ್ದಾರೆ. ಧ್ವನಿ ಅಡಗಿರುವ ಸಣ್ಣ ಗೆರೆಗಳ ಮೇಲೆ ಬಣ್ಣ ಕೂತಿತೆಂದರೆ ಮುಗಿಯಿತು, ಆ ತಟ್ಟೆ ಇನ್ನು ಬಾಯಿ ಬಿಡುವುದಿಲ್ಲ.

ಹಳೇ ಪ್ಲೇಟು, ಹಳೇ ಪ್ಲೇಯರ್ ಅಂದರೆ ಈಗ ಎಲ್ಲರಿಗೂ ಪ್ರೀತಿ ಉಕ್ಕುತ್ತದೆ. ಒಳ್ಳೆಯದೇ. ಆದರೆ ಆ ಪ್ರೀತಿಯೆಲ್ಲ ಶೋಕೇಸಿಗೆ, ಸೆಲ್ಫಿಗೆ ಹೋಗುತ್ತಿದೆ. ತಟ್ಟೆ ಇರುವುದು ತಿರುಗುವುದಕ್ಕೆ, ನಾಲ್ಕು ಜನ ಕೂತು ಕೇಳುವುದಕ್ಕೆ. ಇದನ್ನು ಹೇಳಲಿಕ್ಕೆಂದೇ ಈ ಉದ್ದನೆಯ ಬರಹ, ಬಿಡುವಾದಾಗ ಓದಿ.

ನಾನು ತಟ್ಟೆ ಕೇಳಲು ಕಲಿತದ್ದು ಮಂಡ್ಯದಲ್ಲಿ. ದೊಡ್ಡಪ್ಪ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಅವರ ಮನೆಯಲ್ಲಿ ಎಚ್‌ಎಂವಿ ಫಿಯೆಸ್ಟಾ ಪ್ಲೇಯರ್ ಇತ್ತು. ಮುಚ್ಚಿದರೆ ಕೈಯಲ್ಲಿ ಹಿಡಿದು ಹೋಗುವಂಥ ಪೆಟ್ಟಿಗೆ, ಸೆಲ್ ಹಾಕಿದರೆ ಕರೆಂಟ್ ಇಲ್ಲದೆಯೂ ತಿರುಗುತ್ತಿತ್ತು. ಬೇಸಿಗೆ ರಜೆಯಲ್ಲಿ ಸಂಜೆ ಅಂಗಳಕ್ಕೆ ನೀರು ಚಿಮುಕಿಸಿ, ಚಾಪೆ ಹಾಸಿ, ಪೆಟ್ಟಿಗೆಯನ್ನು ಜಗಲಿಯ ಮೇಲಿಡುತ್ತಿದ್ದರು. ಅಕ್ಕಪಕ್ಕದವರೂ ಬಂದು ಕೂರುತ್ತಿದ್ದರು. ‘ಯಾರೂ ಕುಣೀಬೇಡ್ರೋ, ಮುಳ್ಳು ಹಾರ್‍ತದೆ’ ಅನ್ನುವುದು ದೊಡ್ಡಮ್ಮನ ಕಟ್ಟಪ್ಪಣೆ. ತಟ್ಟೆ ಮುಟ್ಟುವ ಹಕ್ಕು ದೊಡ್ಡಪ್ಪನಿಗೆ ಮಾತ್ರ. ಕವರಿನಿಂದ ತೆಗೆಯುವಾಗ ಅಂಚು ಮತ್ತು ನಡುವಿನ ಲೇಬಲ್ಲು, ಈ ಎರಡು ಕಡೆ ಬಿಟ್ಟು ಬೆರಳು ಎಲ್ಲೂ ತಾಗಕೂಡದು. ಬೆಳಕಿಗೆ ಓರೆಯಾಗಿ ಹಿಡಿದು ಧೂಳು ನೋಡುತ್ತಿದ್ದರು. ಬಾಯಲ್ಲಿ ಊದುತ್ತಿರಲಿಲ್ಲ, ಎಂಜಲು ಹಾರುತ್ತದೆಂದು. ಮೆತ್ತನೆಯ ಬಟ್ಟೆಯಲ್ಲಿ, ಗೆರೆ ಹೋದ ದಿಕ್ಕಿಗೇ ಒರೆಸಿ, ಮುಳ್ಳು ಕೂರಿಸಿದ ತೋಳನ್ನು ಎತ್ತಿ ಅಂಚಿನ ಮೇಲೆ ಇಳಿಸುತ್ತಿದ್ದರು. ಒಂದೆರಡು ಸುತ್ತು ಬರೀ ಕರಕರ ಸದ್ದು. ಅಷ್ಟು ಹೊತ್ತೂ ಅಂಗಳದಲ್ಲಿ ಯಾರೂ ಉಸಿರೆತ್ತುತ್ತಿರಲಿಲ್ಲ. ಸೆಲ್ ಇಳಿದ ದಿನ ಮಾತ್ರ ಗಾಯಕಿಯ ಕಂಠ ಮೆಲ್ಲಮೆಲ್ಲಗೆ ಗಂಡಸಿನದಾಗಿಬಿಡುತ್ತಿತ್ತು, ಮಕ್ಕಳೆಲ್ಲ ಬಿದ್ದು ಬಿದ್ದು ನಗುತ್ತಿದ್ದೆವು.

ಏಳು ಇಂಚಿನ ಚಿಕ್ಕ ತಟ್ಟೆ, ಅಂದರೆ ಇ.ಪಿ. ಆದರೆ ಸಾಮಾನ್ಯವಾಗಿ ಒಂದೊಂದು ಕಡೆ ಎರಡೆರಡು ಹಾಡು. ಮುಗಿದ ಮೇಲೆ ಯಾರಾದರೂ ಎದ್ದು ತಿರುವಿ ಹಾಕಬೇಕು. ಬೇಡದ ಹಾಡು ಬಂದರೂ ಕೇಳಿಯೇ ತೀರಬೇಕು. ಮೊದಮೊದಲು ಬೇಡ ಅನ್ನಿಸಿದ್ದ ಎಷ್ಟೋ ಹಾಡುಗಳು ನನಗೆ ಹಾಗೆಯೇ ಹತ್ತಿರವಾದವು. ಈಗ ಫೋನಿನಲ್ಲಿ ಹಾಡು ಹತ್ತು ಸೆಕೆಂಡಿನಲ್ಲಿ ಹಿಡಿಸದಿದ್ದರೆ ಮುಂದಕ್ಕೆ ತಳ್ಳುತ್ತೇವೆ. ಮಾಧುರ್ಯ ಯಾವುದರಲ್ಲಿ ಹೆಚ್ಚು ಎಂಬ ಜಗಳಕ್ಕೆ ನಾನು ಬರುವುದಿಲ್ಲ. ಗದ್ದಲವಿಲ್ಲದ ಶುದ್ಧ ಧ್ವನಿ ಬೇಕಾದರೆ ಡಿಜಿಟಲ್ಲೇ ಮೇಲು, ಅದನ್ನು ಒಪ್ಪಿಕೊಳ್ಳೋಣ. ತಟ್ಟೆ ಕೊಡುತ್ತಿದ್ದದ್ದು ಒಂದು ಕಡೆ ಕೂತು, ಜೊತೆಗಿದ್ದವರ ಸಂಗಡ, ಶುರುವಿನಿಂದ ಕೊನೆಯವರೆಗೆ ಕೇಳುವ ಅಭ್ಯಾಸವನ್ನು.

ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ಸ್ವಂತ ಪ್ಲೇಯರ್ ಇದ್ದ ಮನೆ ಕಡಿಮೆ, ಆದರೆ ತಟ್ಟೆ ಕೇಳದ ಕಿವಿ ಇರಲಿಲ್ಲ. ಮದುವೆ ಚಪ್ಪರ ಎದ್ದರೆ ಮೈಕ್‌ಸೆಟ್ಟಿನವರು ಟ್ರಂಕಿನ ತುಂಬ ತಟ್ಟೆ ತುಂಬಿಕೊಂಡು ಬರುತ್ತಿದ್ದರು. ತೆಂಗಿನ ಮರಕ್ಕೆ ಕಟ್ಟಿದ ಹಾರ್ನಿನಿಂದ ಬೆಳಗಿನ ಜಾವವೇ ಭಕ್ತಿಗೀತೆ ಶುರು. ಟೂರಿಂಗ್ ಟಾಕೀಸಿನಲ್ಲಿ ವೆಂಕಟರಮಣನ ಹಾಡಿನ ತಟ್ಟೆ ಹಾಕಿದರೆಂದರೆ ಟಿಕೆಟ್ ಕೊಡಲು ಶುರು ಮಾಡಿದರು ಅಂತ ಅರ್ಥ, ಗದ್ದೆಯಲ್ಲಿದ್ದವರು ಕೈಕಾಲು ತೊಳೆದುಕೊಂಡು ಓಡಿ ಬರುತ್ತಿದ್ದರು. ಆ ಮೈಕ್‌ಸೆಟ್ಟಿನವರ ಟ್ರಂಕುಗಳೆಲ್ಲ ಈಗ ಎಲ್ಲಿವೆಯೋ ಅನ್ನುವ ಯೋಚನೆ ನನ್ನನ್ನು ಬಿಟ್ಟಿಲ್ಲ.

ಇನ್ನು ಮೈಸೂರಿನ ವಿಷಯಕ್ಕೆ ಬರುತ್ತೇನೆ. ಭಾರತದಲ್ಲಿ ಗ್ರಾಮಫೋನ್ ಕಂಪನಿ ಧ್ವನಿಮುದ್ರಣ ಶುರು ಮಾಡಿದ್ದು 1902ರ ನವೆಂಬರಿನಲ್ಲಿ, ಕಲ್ಕತ್ತೆಯಲ್ಲಿ. ಆ ಮೊದಲ ಸುತ್ತಿನಲ್ಲೇ ಹಾಡಿ ದೇಶದ ತುಂಬ ಹೆಸರಾದವರು ಗೌಹರ್ ಜಾನ್. ಆಗ ತಟ್ಟೆ ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿನವರಿಗೆ ಹಾಡಿದವರು ಯಾರೆಂದು ಗೊತ್ತಾಗಲೆಂದು ಹಾಡಿನ ಕೊನೆಗೆ ಹಾಡಿದವರೇ ತಮ್ಮ ಹೆಸರು ಕೂಗಿ ಹೇಳಬೇಕಿತ್ತು. ಗೌಹರ್ ಜಾನ್ ಇಂಗ್ಲಿಷಿನಲ್ಲೇ ಹೆಸರು ಹೇಳಿದ ತಟ್ಟೆಗಳನ್ನು ಇವತ್ತಿಗೂ ಕೇಳಬಹುದು, ಆ ಕೂಗಿನಲ್ಲಿರುವ ಠೀವಿ ಕೇಳಿಯೇ ತಿಳಿಯಬೇಕು. ಮೈಕ್ ಇನ್ನೂ ಬಂದಿರಲಿಲ್ಲ. ದೊಡ್ಡ ಕೊಳವೆಯೊಳಕ್ಕೆ ಬಾಯಿ ಹಾಕಿ, ಪೂರಾ ಗಂಟಲು ತೆಗೆದು ಹಾಡಬೇಕಿತ್ತು. ಮೈಕ್ ಇಟ್ಟು ವಿದ್ಯುತ್ತಿನಿಂದ ಮುದ್ರಿಸುವ ಪದ್ಧತಿ ಬಂದದ್ದು 1925ರಲ್ಲಿ.

ಅಂಥ ಗೌಹರ್ ಜಾನ್ ಕೊನೆಗಾಲದಲ್ಲಿ ಬಂದು ನೆಲೆಸಿದ್ದು ನಮ್ಮೂರಿನಲ್ಲಿ. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದರು, 1930ರ ಜನವರಿ 17ರಂದು ಮೈಸೂರಿನಲ್ಲೇ ತೀರಿಕೊಂಡರು. ಭಾರತದ ತಟ್ಟೆ ಸಂಗೀತದ ಮೊದಲ ದೊಡ್ಡ ಕಂಠ ನಮ್ಮೂರ ಮಣ್ಣಿನಲ್ಲಿ ಮುಗಿಯಿತು ಅನ್ನುವುದು ಎಷ್ಟು ಜನ ಮೈಸೂರಿನವರಿಗೆ ಗೊತ್ತು? ಶಾಲೆಯಲ್ಲಿ ನಮಗೆ ಯಾರೂ ಹೇಳಲಿಲ್ಲ.

ಜಯಚಾಮರಾಜೇಂದ್ರ ಒಡೆಯರದು ಇನ್ನೊಂದು ಕಥೆ. ಕರ್ನಾಟಕ ಸಂಗೀತದಲ್ಲಿ ಕೃತಿ ರಚಿಸಿದವರು, ಪಾಶ್ಚಾತ್ಯ ಸಂಗೀತದ ಆಳ ಬಲ್ಲವರು. ಲಂಡನ್ನಿನಲ್ಲಿ ಕಾಯಿಲೆ, ಬಡತನಗಳ ನಡುವೆ ಬದುಕುತ್ತಿದ್ದ ರಷ್ಯಾದ ಸಂಗೀತಗಾರ ನಿಕೊಲಾಯ್ ಮೆಟ್ನರ್ ಅವರ ರಚನೆಗಳು ಕಳೆದುಹೋಗಬಾರದೆಂದು, ಅವರಿಂದಲೇ ಪಿಯಾನೋ ನುಡಿಸಿಸಿ ಎಚ್‌ಎಂವಿ ತಟ್ಟೆಗಳಾಗಿ ಹೊರತರಲು 1940ರ ದಶಕದಲ್ಲಿ ಹಣ ಕೊಟ್ಟವರು ಇವರು. ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕಾನ್ಸರ್ಟೊವನ್ನು (ಪಿಯಾನೋ ಮತ್ತು ವಾದ್ಯವೃಂದಕ್ಕೆಂದು ಬರೆದ ಕೃತಿ) ಮೈಸೂರು ಮಹಾರಾಜರಿಗೇ ಅರ್ಪಿಸಿದರು. 1951ರಲ್ಲಿ ಮೆಟ್ನರ್ ತೀರಿಕೊಂಡರು. ಇವತ್ತು ಜಗತ್ತಿನ ಯಾವ ಮೂಲೆಯಲ್ಲಾದರೂ ಮೆಟ್ನರ್ ಸ್ವತಃ ನುಡಿಸಿದ ಆ ದೊಡ್ಡ ಕೃತಿಗಳನ್ನು ಯಾರಾದರೂ ಕೇಳಿದರೆ ಅದಕ್ಕೆ ಕಾರಣ ಮೈಸೂರಿನ ದುಡ್ಡು, ಮೈಸೂರಿನ ಒಬ್ಬ ಅರಸರ ಕಿವಿ. ದಸರಾ ಮೆರವಣಿಗೆಯನ್ನು ನೆನೆಯುವಷ್ಟೇ ಹೆಮ್ಮೆಯಿಂದ ಇದನ್ನೂ ನೆನೆಯಬೇಕು.

ನಮ್ಮ ವಿದ್ವಾಂಸರು ಕಮ್ಮಿಯೇನಲ್ಲ. ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತು ಇಂಚಿನ ತಟ್ಟೆಯ ಒಂದು ಕಡೆ ಹಿಡಿಯುತ್ತಿದ್ದುದು ಮೂರು, ಹೆಚ್ಚೆಂದರೆ ಮೂರೂವರೆ ನಿಮಿಷ. ಕಛೇರಿಯಲ್ಲಿ ಮುಕ್ಕಾಲು ಗಂಟೆ ಹಾಡುವ ರಾಗವನ್ನು ಅಷ್ಟರಲ್ಲಿ ಮುಗಿಸಬೇಕು. ಎರಡೇ ಎಳೆ ಆಲಾಪನೆ, ಪಲ್ಲವಿ, ಅನುಪಲ್ಲವಿ, ಚರಣ, ಜಾಗ ಉಳಿದರೆ ನಾಲ್ಕು ಆವರ್ತ ಸ್ವರ. ಪಿಟೀಲು ಚೌಡಯ್ಯನವರ ಕಾಲದ ವಿದ್ವಾಂಸರು ಈ ಅಳತೆಗೆ ವಿದ್ಯೆಯನ್ನು ಹೊಂದಿಸಿದ ಬಗೆಯನ್ನು ಇವತ್ತಿನ ಹುಡುಗರು ಕೇಳಬೇಕು. ರಾಗದ ಮುಖ ಮೊದಲ ಸ್ವರಕ್ಕೇ ಕಾಣುತ್ತದೆ. ಹೀಗೆ ಹಾಡಿದ ಎಷ್ಟೋ ತಟ್ಟೆಗಳು ಕ್ಯಾಸೆಟ್ಟಿಗೂ ಬರಲಿಲ್ಲ, ಸಿ.ಡಿ.ಗೂ ಬರಲಿಲ್ಲ. ಯಾರದೋ ಅಟ್ಟದ ಮೇಲೆ, ಹಿತ್ತಾಳೆ ಪಾತ್ರೆಗಳ ಪಕ್ಕದಲ್ಲಿ, ಗೋಣಿಚೀಲದೊಳಗೆ ಉಳಿದಿರುವುದೇ ಕೊನೆಯ ಪ್ರತಿ ಇದ್ದರೂ ಇರಬಹುದು. ಮನೆ ಒಡೆದು ಅಪಾರ್ಟ್‌ಮೆಂಟ್ ಕಟ್ಟುವಾಗ ಕೇಜಿ ಲೆಕ್ಕದಲ್ಲಿ ಗುಜರಿಗೆ ಹೋಗುವುದೂ ಅದೇ ಚೀಲ. ಅಗ್ರಹಾರ, ಚಾಮರಾಜಪುರಂ, ಕೃಷ್ಣಮೂರ್ತಿಪುರಂ ಕಡೆಯ ಹಳೇ ಮನೆಗಳು ಒಂದೊಂದಾಗಿ ಬೀಳುತ್ತಿವೆ, ನೋಡುತ್ತಲೇ ಇದ್ದೇವೆ.

ಆದ್ದರಿಂದ ಮನೆಯಲ್ಲಿ ತಟ್ಟೆ ಸಿಕ್ಕಿದವರಿಗೆ ಕೆಲವು ಮಾತು. 78 ಸುತ್ತಿನವು ಭಾರ, ಕೈಜಾರಿದರೆ ಹಪ್ಪಳದ ಹಾಗೆ ಚೂರಾಗುತ್ತವೆ. ಅವು ಪ್ಲಾಸ್ಟಿಕ್ಕಿನವಲ್ಲ, ಅರಗು ಮತ್ತು ಕಲ್ಲಿನ ಪುಡಿ ಕಲಸಿ ಅಚ್ಚೊತ್ತಿದವು. ಚನ್ನಪಟ್ಟಣದ ಬೊಂಬೆಗೆ ಹೊಳಪು ಕೊಡುವ ಅದೇ ಅರಗು. ಸ್ಪಿರಿಟ್ಟಿನಲ್ಲಿ ಅರಗು ಕರಗುತ್ತದೆ, ಹಾಗಾಗಿ ಸ್ಯಾನಿಟೈಸರ್ ಹಚ್ಚಿ ಒರೆಸಿದಿರೋ, ಹಾಡೇ ಅಳಿಸಿಹೋಗುತ್ತದೆ. ಡಿಸ್ಟಿಲ್ಡ್ ವಾಟರಿಗೆ ಒಂದೇ ಒಂದು ಹನಿ ಮೆದು ಸೋಪು ಸಾಕು. ಲೇಬಲ್ಲಿಗೆ ನೀರು ತಾಕದ ಹಾಗೆ, ಮೆತ್ತಗೆ ಒರೆಸಿ, ನೆರಳಿನಲ್ಲಿ ಆರಿಸಿ. 1948ರಲ್ಲಿ ಎಲ್‌ಪಿ (ಹೆಚ್ಚು ಹೊತ್ತು ನುಡಿಯುವ ತಟ್ಟೆ) ಬಂತು, ಅವು ವಿನೈಲ್ ಎಂಬ ಪ್ಲಾಸ್ಟಿಕ್ಕಿನವು, ಬಿದ್ದರೆ ಸುಲಭಕ್ಕೆ ಒಡೆಯುವುದಿಲ್ಲ, ಆದರೆ ಬಿಸಿಲಿಗೆ ಸೊಟ್ಟಗಾಗುತ್ತವೆ. ಒಂದರ ಮೇಲೊಂದು ಪೇರಿಸಬೇಡಿ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ. 78ರ ಗೆರೆ ಅಗಲ, ಎಲ್‌ಪಿಯ ಗೆರೆ ಕಿರಿದು. ಎರಡಕ್ಕೂ ಬೇರೆ ಬೇರೆ ಮುಳ್ಳು ಬೇಕು. ಹಳೇ ಕೀ ಕೊಡುವ ಗ್ರಾಮಫೋನಿನ ಉಕ್ಕಿನ ಪಿನ್ನಿನಡಿ ಎಲ್‌ಪಿ ಇಟ್ಟರೆ ಒಂದೇ ಸಲಕ್ಕೆ ಹಾಳು. ಆ ಪಿನ್ನನ್ನೂ 78ರ ಒಂದೊಂದು ಕಡೆ ನುಡಿಸಿದ ಮೇಲೆ ಬದಲಿಸಬೇಕಿತ್ತು.

ಸೂಟ್‌ಕೇಸಿನ ರೂಪದ ಅಗ್ಗದ ಹೊಸ ಪ್ಲೇಯರುಗಳ ಬಗ್ಗೆ ಎಚ್ಚರ. ನೋಡಲು ಮುದ್ದಾಗಿವೆ, ಆದರೆ ಹಲವದರ ತೋಳು ಭಾರ, ನುಡಿಸುತ್ತ ನುಡಿಸುತ್ತ ಗೆರೆಯನ್ನು ಸವೆಸುತ್ತವೆ. ಥಳಥಳ ಹೊಳೆಯುವ ಹಿತ್ತಾಳೆ ಹಾರ್ನ್ ಇಟ್ಟು ‘ಬ್ರಿಟಿಷರ ಕಾಲದ್ದು’ ಅಂತ ಪ್ರವಾಸಿಗರಿಗೆ ಮಾರುವ ಗ್ರಾಮಫೋನುಗಳಲ್ಲಿ ಹೆಚ್ಚಿನವು ಈಚೆಗೆ ಜೋಡಿಸಿದವು. ಆ ದುಡ್ಡಿನಲ್ಲಿ ಎಪ್ಪತ್ತು, ಎಂಬತ್ತರ ದಶಕದ ಒಂದು ಗಟ್ಟಿ ಪ್ಲೇಯರ್ ಹುಡುಕಿ ರಿಪೇರಿ ಮಾಡಿಸಿಕೊಳ್ಳಿ.

ಮೈಸೂರಿಗೆ ಕಾಪಾಡುವುದು ಹೇಳಿಕೊಡಬೇಕಾಗಿಲ್ಲ. 1891ರಿಂದ ಓಲೆಗರಿಗಳನ್ನು ಜೋಪಾನ ಮಾಡಿಕೊಂಡು ಬಂದ ಪ್ರಾಚ್ಯವಿದ್ಯಾ ಸಂಶೋಧನಾಲಯ ಇಲ್ಲಿದೆ. ಉಗಿಬಂಡಿಗೆ ರೈಲ್ವೆ ಮ್ಯೂಸಿಯಂ ಇದೆ. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಆಕಾಶವಾಣಿ ಶುರು ಮಾಡಿದ ಊರು ಇದು. ಇಂಥ ಊರಿನಲ್ಲಿ ತಟ್ಟೆಗಳಿಗೂ ಒಂದು ಕೋಣೆ ಬೇಕು. ಗಾಜಿನ ಪೆಟ್ಟಿಗೆಯಲ್ಲಿಟ್ಟು ‘ಮುಟ್ಟಬೇಡಿ’ ಅಂತ ಬೋರ್ಡು ಹಾಕುವ ಕೋಣೆ ನನಗೆ ಬೇಡ. ಯಾರಾದರೂ ತಂದುಕೊಟ್ಟ ತಟ್ಟೆಯನ್ನು ಶುಚಿ ಮಾಡಿ, ಸರಿಯಾದ ಮುಳ್ಳಿನಲ್ಲಿ ಒಮ್ಮೆ ನುಡಿಸಿ ಕಂಪ್ಯೂಟರಿಗೆ ಇಳಿಸಿಕೊಳ್ಳುವ, ಶನಿವಾರ ಸಂಜೆ ಬಾಗಿಲು ತೆರೆದು ಬಂದವರಿಗೆಲ್ಲ ಕೇಳಿಸುವ ಕೋಣೆ. ಒಂದು ಹಾಲ್, ಎರಡು ಒಳ್ಳೆಯ ಪ್ಲೇಯರ್, ಹತ್ತಿಪ್ಪತ್ತು ಕುರ್ಚಿ. ವಿಶ್ವವಿದ್ಯಾನಿಲಯವೋ, ಸಂಗೀತ ಸಭೆಗಳೋ ಮನಸ್ಸು ಮಾಡಿದರೆ ಇದೇನು ದೊಡ್ಡ ಖರ್ಚಲ್ಲ.

ಅಲ್ಲಿಯವರೆಗೆ ನಮ್ಮ ಕೈಲಾದದ್ದು ನಾವು ಮಾಡೋಣ. ಅಟ್ಟದಲ್ಲಿ ತಟ್ಟೆ ಇದ್ದವರು ಲೇಬಲ್ಲಿನದೊಂದು, ಲೇಬಲ್ಲಿನ ಪಕ್ಕ ಖಾಲಿ ಜಾಗದಲ್ಲಿ ಕೊರೆದಿರುವ ನಂಬರಿನದೊಂದು ಫೋಟೋ ತೆಗೆದು ನನಗೆ ಇನ್‌ಬಾಕ್ಸ್ ಮಾಡಿ. ನಾವೊಂದಿಷ್ಟು ಜನ ಸೇರಿ ಪಟ್ಟಿ ಮಾಡುತ್ತಿದ್ದೇವೆ. ತಟ್ಟೆ ನಿಮ್ಮ ಹತ್ತಿರವೇ ಇರಲಿ, ನಮಗೆ ಕೊಡಬೇಕಾಗಿಲ್ಲ. ಇನ್ನೊಂದು ತುರ್ತು ಕೆಲಸವಿದೆ: ಹಳೇ ಪ್ಲೇಯರಿನೊಳಗೆ ತಟ್ಟೆ ತಿರುಗಿಸುವ ಸಣ್ಣ ರಬ್ಬರ್ ಚಕ್ರ ಇರುತ್ತದಲ್ಲ, ಅದು ವರ್ಷಗಟ್ಟಲೆ ಕೂತು ಕಲ್ಲಾಗಿ, ಹಾಡು ಜಾರುತ್ತದೆ. ಅದಕ್ಕೆ ಹೊಸ ರಬ್ಬರ್ ಕೂರಿಸಿ ಅಳತೆಗೆ ಕಡೆದು ಕೊಡುವವರು ಮೈಸೂರು, ಶ್ರೀರಂಗಪಟ್ಟಣ, ಮಂಡ್ಯದ ಕಡೆ ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ದೊಡ್ಡಪ್ಪನ ಪೆಟ್ಟಿಗೆಗೂ ಒಂದು ಬೇಕಾಗಿದೆ.